ಅತಿಥಿಗಳ ಆಧಾರ್ ಕಾಪಿ ಅಳಿಸುವ ಕೆಲಸ: ಎಐ ಏಜೆಂಟ್, ಶ್ರೆಡ್, ಎನ್‌ಕ್ರಿಪ್ಷನ್ ಮೂರನ್ನೂ ನೋಡಿದೆ

ಮಡಿಕೇರಿ ಹತ್ತಿರ ಅಣ್ಣ ಅತ್ತಿಗೆ ಹೋಮ್‌ಸ್ಟೇ ನಡೆಸುತ್ತಾರೆ. ಅಲ್ಲಿನ ಹಳೇ ಡೆಸ್ಕ್‌ಟಾಪನ್ನು ಗೋಣಿಕೊಪ್ಪದ ನೆಂಟರ ಹುಡುಗನಿಗೆ ಕೊಡಬೇಕಿತ್ತು. ಅದರಲ್ಲಿ ಏನೇನಿತ್ತು ಗೊತ್ತಾ? ಆರು ವರ್ಷದ ಅತಿಥಿಗಳ ಆಧಾರ್ ಫೋಟೋ, ವಿದೇಶದವರ ಪಾಸ್‌ಪೋರ್ಟ್ ಸ್ಕ್ಯಾನ್, ಜೊತೆಗೆ ಒಂದೇ ಟೆಕ್ಸ್ಟ್ ಫೈಲ್‌ನಲ್ಲಿ ಸಿಸಿಟಿವಿ ಪಾಸ್‌ವರ್ಡ್, ವೈಫೈ ಪಾಸ್‌ವರ್ಡ್, ಇಮೇಲ್‌ನ ರಿಕವರಿ ಕೋಡ್. ಜನ ನಮ್ಮನ್ನು ನಂಬಿ ಕೊಟ್ಟ ದಾಖಲೆ ಇವು. ಸುಮ್ನೆ ಡಿಲೀಟ್ ಒತ್ತಿ ಕಳಿಸಲು ಮನಸ್ಸು ಬರಲಿಲ್ಲ.

ನಿಜವಾದ ಫೈಲ್ ಮುಟ್ಟುವ ಮೊದಲು ಡಮ್ಮಿ ಫೋಟೋ, ಡಮ್ಮಿ ಪಾಸ್‌ವರ್ಡ್ ಹಾಕಿ ಎರಡು ಕಡೆ ಪರೀಕ್ಷಿಸಿದೆ. ಡೆಸ್ಕ್‌ಟಾಪ್‌ನಲ್ಲಿ 1 ಟಿಬಿ ಹಾರ್ಡ್ ಡಿಸ್ಕ್, ನನ್ನ ಲ್ಯಾಪ್‌ಟಾಪ್‌ನಲ್ಲಿ ಎಸ್‌ಎಸ್‌ಡಿ (ಚಿಪ್‌ಗಳಲ್ಲಿ ಡೇಟಾ ಇಡುವ ಡ್ರೈವ್). ಎರಡರಲ್ಲೂ ಲಿನಕ್ಸ್.

ಮೊದಲು ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಕಿಟಕಿಯಲ್ಲಿ, ಓಡುವ ಎಐ ಏಜೆಂಟ್. ಮಾತಲ್ಲಿ ಹೇಳಿದರೆ ತಾನೇ ಕಮಾಂಡ್ ಓಡಿಸಿ ಕೆಲಸ ಮಾಡುತ್ತದೆ. "ಈ ಫೋಲ್ಡರನ್ನು ಸುರಕ್ಷಿತವಾಗಿ ಅಳಿಸು" ಎಂದೆ. ಅದು ಓಡಿಸಿದ್ದು ಬರೀ ಆರ್‌ಎಂ ಕಮಾಂಡ್. ಆರ್‌ಎಂ ಫೈಲಿನ ಹೆಸರನ್ನು ಪಟ್ಟಿಯಿಂದ ತೆಗೆಯುತ್ತದೆ ಅಷ್ಟೇ, ಒಳಗಿನ ಡೇಟಾ ಡಿಸ್ಕ್ ಮೇಲೆ ಹಾಗೇ ಕೂತಿರುತ್ತದೆ. ಆದರೂ ಕೆಲಸ ಮುಗಿಯಿತು, ಎಲ್ಲ ಸುರಕ್ಷಿತ ಎಂದು ವರದಿ ಕೊಟ್ಟಿತು. ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಅಳಿಸಿದ ಫೈಲ್ ಮರಳಿ ತೆಗೆಯುವ ಫೋಟೋರೆಕ್ ಓಡಿಸಿದೆ, ಹಾರ್ಡ್ ಡಿಸ್ಕ್‌ನಿಂದ ಫೋಟೋಗಳು ಒಂದೊಂದಾಗಿ ಎದ್ದು ಬಂದವು.

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿತ್ತು. ಅಳಿಸುವ ಮೊದಲು ಏನಿದೆ ನೋಡೋಣ ಎಂದು ಏಜೆಂಟ್ ಪಾಸ್‌ವರ್ಡ್ ಫೈಲನ್ನು ತೆರೆದು ಓದಿತ್ತು. ಓದಿದ್ದೆಲ್ಲ ಅದರ ಸಂಭಾಷಣೆಯ ದಾಖಲೆಯಲ್ಲಿ ಸೇರುತ್ತದೆ, ಆ ದಾಖಲೆ ಹೋಮ್ ಫೋಲ್ಡರ್‌ನ ಒಂದು ಅಡಗಿದ ಜಾಗದಲ್ಲಿ ಉಳಿಯುತ್ತದೆ. ಫೈಲ್‌ಗಳೊಳಗೆ ಪದ ಹುಡುಕುವ ಗ್ರೆಪ್ ಕಮಾಂಡ್ ಹಾಕಿ ನೋಡಿದರೆ ಡಮ್ಮಿ ಪಾಸ್‌ವರ್ಡ್ ಅಲ್ಲಿ ಪೂರ್ತಿ ಸಿಕ್ಕಿತು. ಏಜೆಂಟ್‌ನ ಹಿಂದಿರುವ ಎಐ ಮಾದರಿ ಓಡುವುದು ಅದರ ಕಂಪನಿಯ ಸರ್ವರ್‌ನಲ್ಲಿ, ಅಂದರೆ ಆ ಸಾಲುಗಳು ನೆಟ್ ಮೂಲಕ ಅಲ್ಲಿಗೂ ಹೋದವು. ಅಳಿಸಲು ಹೋಗಿ ಇನ್ನೆರಡು ಕಾಪಿ ಮಾಡಿದಂತಾಯಿತು, ಅಲ್ವಾ?

ಆಮೇಲೆ ನಾನೇ ಶ್ರೆಡ್ ಕಮಾಂಡ್ ಓಡಿಸಿದೆ. ಇದು ಫೈಲಿನ ಜಾಗದ ಮೇಲೆ ಬೇರೆ ಡೇಟಾ ಬರೆಯುತ್ತದೆ, ಹೇಳದಿದ್ದರೆ 3 ಸುತ್ತು. ಹಾರ್ಡ್ ಡಿಸ್ಕ್‌ನಲ್ಲಿ ಫಲಿತಾಂಶ ಚೆನ್ನಾಗಿತ್ತು, ಫೋಟೋರೆಕ್‌ಗೆ ಆ ಫೋಟೋಗಳು ಸಿಗಲಿಲ್ಲ. ಆದರೆ ಕೊನೆಗೆ ಇಡೀ ಡಿಸ್ಕ್ ಅಳಿಸುವಾಗ ಒಂದು ಸುತ್ತಿಗೇ ಎರಡೂವರೆ ಗಂಟೆ ಹಿಡಿಯಿತು. ನಮ್ಮ ಕಡೆ ಜುಲೈ ಮಳೆಯಲ್ಲಿ ಕರೆಂಟ್ ಅಷ್ಟು ಹೊತ್ತು ಇರುವುದೇ ಕಷ್ಟ, ಯುಪಿಎಸ್ ಕಾಲು ಗಂಟೆ ಎಳೆಯುತ್ತದೆ, ನಡುವೆ ನಿಂತರೆ ಮತ್ತೆ ಮೊದಲಿಂದ. ನನಗೆ ಎರಡು ಸಲ ಹಾಗಾಯಿತು. ಎಸ್‌ಎಸ್‌ಡಿಗೆ ಶ್ರೆಡ್ ನಂಬಬೇಡಿ. ಅದರ ಕಂಟ್ರೋಲರ್ ಹೊಸ ಡೇಟಾವನ್ನು ಬೇರೆ ಜಾಗದಲ್ಲಿ ಬರೆಯುತ್ತದೆ, ಹಳೇದು ಒಳಗೆಲ್ಲೋ ಉಳಿಯಬಹುದು. ಅದಕ್ಕೆ ಡ್ರೈವ್‌ನಲ್ಲೇ ಇರುವ ಸೆಕ್ಯೂರ್ ಇರೇಸ್ (ಡ್ರೈವ್ ತನ್ನನ್ನು ತಾನೇ ಪೂರ್ತಿ ಅಳಿಸಿಕೊಳ್ಳುವ ಸೌಲಭ್ಯ) ಬಳಸುವುದು ಸರಿ.

ಮೂರನೇದು ಲಕ್ಸ್ ಎನ್‌ಕ್ರಿಪ್ಷನ್, ಅಂದರೆ ಕೀ ಇಲ್ಲದೆ ಯಾರೂ ಓದಲಾಗದಂತೆ ಡಿಸ್ಕ್‌ಗೆ ಬೀಗ ಹಾಕುವ ಲಿನಕ್ಸ್ ವ್ಯವಸ್ಥೆ. ಡಿಸ್ಕ್ ಮೊದಲಿಂದಲೇ ಎನ್‌ಕ್ರಿಪ್ಟ್ ಆಗಿದ್ದರೆ ಕೀ ಇರುವ ಚಿಕ್ಕ ಜಾಗ (ಹೆಡರ್) ಅಳಿಸಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಆಗುತ್ತದೆ. ನನಗೆ ಜಾಸ್ತಿ ಇಷ್ಟವಾಗಿದ್ದು ಇದೇ. ಹೆಡರ್‌ನ ಬ್ಯಾಕಪ್ ಎಲ್ಲೂ ಇಟ್ಟಿರಬಾರದು, ಅದೊಂದು ನೆನಪಿರಲಿ. ಹಳೇ ಡೆಸ್ಕ್‌ಟಾಪ್‌ಗೆ ಇದು ಪ್ರಯೋಜನಕ್ಕೆ ಬರಲಿಲ್ಲ, ಆರು ವರ್ಷ ಎನ್‌ಕ್ರಿಪ್ಷನ್ ಇಲ್ಲದೆ ಓಡಿದ್ದು.

ಹಾಗಂತ ಏಜೆಂಟನ್ನು ನಾನು ಬಿಟ್ಟಿಲ್ಲ. ಹುಡುಕುವುದರಲ್ಲಿ ಅದರಷ್ಟು ಒಳ್ಳೆಯ ಸಹಾಯ ನನಗೆ ಸಿಗಲಿಲ್ಲ. "ಯಾವ ಫೈಲನ್ನೂ ತೆರೆಯಬೇಡ, ಏನೂ ಅಳಿಸಬೇಡ, ಹೆಸರು ಮತ್ತು ಜಾಗ ಮಾತ್ರ ಪಟ್ಟಿ ಮಾಡು" ಎಂದು ಹೇಳಿ, ಪ್ರತಿ ಕಮಾಂಡ್‌ಗೂ ನನ್ನ ಒಪ್ಪಿಗೆ ಕೇಳುವಂತೆ ಇಟ್ಟೆ. ಡೌನ್‌ಲೋಡ್ಸ್‌ನಲ್ಲಿದ್ದ ಎರಡೆರಡು ಕಾಪಿ, ಕಸದ ಬುಟ್ಟಿ, ಹಳೇ ಜಿಪ್ ಬ್ಯಾಕಪ್, ಕೊನೆಗೆ ಥಂಬ್‌ನೇಲ್ ಕ್ಯಾಶ್ ಕೂಡ ಅದು ತೋರಿಸಿತು. ಮೂಲ ಫೋಟೋ ಹೋದರೂ ಅದರ ಚಿಕ್ಕ ಚಿತ್ರ ಆ ಕ್ಯಾಶ್‌ನಲ್ಲಿ ಉಳಿದಿರುತ್ತದೆ. ನನಗೆ ಅದು ಹೊಳೆದೇ ಇರಲಿಲ್ಲ.

ಈ ಪಟ್ಟಿ ನೋಡಿ, ಯಾವುದು ಇಟ್ಟುಕೊಳ್ಳಬೇಕು ಎಂದು ಅತ್ತಿಗೆಯನ್ನು ಕೇಳಿ, ಬೇಕಾದ ಲೆಕ್ಕಪತ್ರ ಬೇರೆ ಕಡೆ ತೆಗೆದಿಟ್ಟೆ. ಆಮೇಲೆ ಇಡೀ ಡಿಸ್ಕ್‌ಗೆ ನಾನೇ ಒಂದು ಸುತ್ತು ಶ್ರೆಡ್ ಹಾಕಿದೆ, ಮಳೆ ಬಿಟ್ಟ ಒಂದು ರಾತ್ರಿ. ಫೈಲಿನಲ್ಲಿದ್ದ ಪಾಸ್‌ವರ್ಡ್‌ಗಳನ್ನೆಲ್ಲ ಬದಲಿಸಿ, ಹೊಸ ರಿಕವರಿ ಕೋಡ್ ತೆಗೆದೆವು. ಹೋಮ್‌ಸ್ಟೇಯ ಹೊಸ ಲ್ಯಾಪ್‌ಟಾಪ್‌ಗೆ ಲಕ್ಸ್ ಹಾಕಿದ್ದೇನೆ. ಅತ್ತಿಗೆ ಈಗ ಅತಿಥಿಗಳ ಹತ್ತಿರ ಮಾಸ್ಕ್ಡ್ ಆಧಾರ್ ಕೇಳುತ್ತಾರೆ, ಅದರಲ್ಲಿ ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ.