ಮೂಳೆ-ಹಲ್ಲಿಗೆಂದು ಮಾರುವ ಅಣಬೆ: ಶಿಟಾಕೆ ಕೊಳ್ಳಿ, ರೀಶಿ ಬಿಡಿ

‘ಮೂಳೆ ಗಟ್ಟಿ, ಹಲ್ಲು ಗಟ್ಟಿ’ ಎಂದು ಬರೆಸಿಕೊಂಡು ಬರುವ ಅಣಬೆ ಸಾಮಾನಿನಲ್ಲಿ ಹೆಚ್ಚು ಸಿಗುವುದು ಮೂರು: ಒಣಗಿಸಿದ ಇಡೀ ಶಿಟಾಕೆ (ಅಡುಗೆಗೆ ಬಳಸುವ ಅಣಬೆ), ಡಬ್ಬಿಯ ಅಣಬೆ ಪುಡಿ, ರೀಶಿ (ಔಷಧಿಗೆಂದು ಮಾರುವ ಅಣಬೆ) ಕ್ಯಾಪ್ಸೂಲ್. ದುಡ್ಡು ಕೊಡಬಹುದಾದದ್ದು ಮೊದಲನೆಯದಕ್ಕೆ ಮಾತ್ರ.

ಅಣಬೆಯಲ್ಲಿ ಕ್ಯಾಲ್ಸಿಯಂ ಹೆಸರಿಗಷ್ಟೇ. ಅದಕ್ಕೆ ನಮ್ಮ ರಾಗಿಯೇ ಸರಿ. 100 ಗ್ರಾಂನಲ್ಲಿ 340 ಮಿಲಿಗ್ರಾಂಗೂ ಹೆಚ್ಚಿದೆ. ಅಣಬೆಯ ಬಂಡವಾಳ ಎರ್ಗೋಸ್ಟೆರಾಲ್ ಎಂಬ ಕೊಬ್ಬಿನಂಥ ಪದಾರ್ಥ. ಬಿಸಿಲಿನಲ್ಲಿರುವ ಯುವಿ-ಬಿ ಕಿರಣ ಬಿದ್ದರೆ ಅದು ವಿಟಮಿನ್ ಡಿ2 ಆಗುತ್ತದೆ, ತಿಂದ ಕ್ಯಾಲ್ಸಿಯಂ ಮೈಗೆ ಹತ್ತಲು ನೆರವಾಗುತ್ತದೆ. ಆದರೆ ಕೋಣೆಯಲ್ಲಿ ಬೆಳೆದು ಡ್ರೈಯರ್‌ನಲ್ಲಿ ಒಣಗಿದ ಅಣಬೆಯಲ್ಲಿ ಡಿ ಇಲ್ಲವೆನ್ನುವಷ್ಟು ಕಡಿಮೆ. ಒಂದು ಸಲದ ಪ್ರಮಾಣಕ್ಕೆ ಎಷ್ಟು ಐಯು (ವಿಟಮಿನ್ ಅಳೆಯುವ ಅಂತರರಾಷ್ಟ್ರೀಯ ಏಕಮಾನ) ಎಂದು ಲೇಬಲ್‌ನಲ್ಲಿ ಇಲ್ಲದಿದ್ದರೆ ‘ಡಿ ಸಮೃದ್ಧ’ ಎಂಬ ಮಾತನ್ನು ನಂಬಬೇಡಿ. ದೊಡ್ಡವರಿಗೆ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹೇಳುವ ದಿನದ ಅಳತೆ 600 ಐಯು.

ಇಡೀ ಶಿಟಾಕೆಯಲ್ಲಿ ಈ ಕೊರತೆಯನ್ನು ಮನೆಯಲ್ಲೇ ತುಂಬಬಹುದು. ಟೊಪ್ಪಿಯ ಒಳಮಗ್ಗುಲು, ಅಂದರೆ ಗೆರೆಗೆರೆ ಇರುವ ಭಾಗ, ಮೇಲೆ ಬರುವಂತೆ ಮೊರದಲ್ಲಿ ಹರಡಿ ಬೆಳಿಗ್ಗೆ 10ರಿಂದ ಮಧ್ಯಾಹ್ನ 2ರವರೆಗೆ ಬಿಸಿಲಿಗಿಡಿ. ಎರಡು ದಿನ ಸಾಕು. ಕಿಟಕಿ ಗಾಜಿನ ಹಿಂದೆ ಇಟ್ಟರೆ ಬಿಸಿಯಾಗುತ್ತದೆ, ಡಿ ಆಗುವುದಿಲ್ಲ. ಗಾಜು ಯುವಿ-ಬಿಯನ್ನು ತಡೆಯುತ್ತದೆ. ಹಸಿ ಬಟನ್ ಅಣಬೆಯಾದರೆ ಹೋಳು ಮಾಡಿ ಒಂದು ಗಂಟೆ ಇಟ್ಟರೂ 100 ಗ್ರಾಂಗೆ ಸುಮಾರು 400 ಐಯು ಬರುವುದುಂಟು. ಬಿಸಿಲು ಕಂಡ ಶಿಟಾಕೆಯನ್ನು ಆಮೇಲೆ ಗಾಳಿಯಾಡದ ಡಬ್ಬಿಯಲ್ಲಿ, ಕತ್ತಲಲ್ಲಿಟ್ಟು ಬೇಗ ಮುಗಿಸಿ. ದಿನ ಕಳೆದಂತೆ ಡಿ ಇಳಿಯುತ್ತದೆ. ತಣ್ಣೀರಲ್ಲಿ ಫ್ರಿಜ್‌ನೊಳಗೆ ರಾತ್ರಿಯಿಡೀ ನೆನೆಸಿ, ಗಟ್ಟಿ ತೊಟ್ಟನ್ನು ಸಾರಿಗೆ ಹಾಕಿ, ಟೊಪ್ಪಿಯನ್ನು ಎಣ್ಣೆಯಲ್ಲೋ ತುಪ್ಪದಲ್ಲೋ ಹುರಿಯಿರಿ. ಡಿ ಕೊಬ್ಬಿನಲ್ಲಿ ಕರಗುವಂಥದು. ಅರೆಬೆಂದ ಶಿಟಾಕೆ ಮಾತ್ರ ಬೇಡ: ಅದರಲ್ಲಿರುವ ಲೆಂಟಿನಾನ್ ಎಂಬ ಅಂಶದಿಂದ ಕೆಲವರ ಮೈಮೇಲೆ ಚಾಟಿಯಲ್ಲಿ ಹೊಡೆದಂತೆ ಉದ್ದುದ್ದ ಕೆಂಪು ಬರೆ ಏಳುತ್ತದೆ.

ಪುಡಿಯ ಕಥೆ ಬೇರೆ. ಧಾನ್ಯದ ಮೇಲೆ ಬೆಳೆಸಿದ ಬಿಳಿ ಮೈಸೀಲಿಯಂ (ಅಣಬೆಯ ಬೇರಿನಂಥ ಎಳೆಗಳು) ಅನ್ನು ಧಾನ್ಯದ ಸಮೇತ ಬೀಸಿ ‘ಅಣಬೆ ಪುಡಿ’ ಎಂದು ಮಾರುವುದುಂಟು. ಕಾಲು ಚಮಚ ಪುಡಿಯನ್ನು ಅರ್ಧ ಲೋಟ ನೀರಲ್ಲಿ ಎರಡು ನಿಮಿಷ ಕುದಿಸಿ, ಪೂರ್ತಿ ಆರಿಸಿ, ಗಾಯಕ್ಕೆ ಹಚ್ಚುವ ಅಯೋಡಿನ್ ನಾಲ್ಕೈದು ಹನಿ ಬಿಡಿ. ಕಡುನೀಲಿ-ಕಪ್ಪಾದರೆ ಅದರಲ್ಲಿ ಧಾನ್ಯದ ಪಿಷ್ಟವಿದೆ. ಅಪ್ಪಟ ಅಣಬೆ ಕಂದು ಬಣ್ಣದಲ್ಲೇ ಉಳಿಯುತ್ತದೆ. ಬಿಸಿಯಿದ್ದಾಗಲೇ ಹಾಕಿದರೆ ಬಣ್ಣ ಏಳುವುದಿಲ್ಲ, ಕಳಪೆ ಪುಡಿಯೂ ಪಾಸಾಗಿಬಿಡುತ್ತದೆ! ಲೇಬಲ್‌ನಲ್ಲಿ ‘ಪಾಲಿಸ್ಯಾಕರೈಡ್’ ಶೇಕಡಾ ಅಲ್ಲ, ‘ಬೀಟಾ-ಗ್ಲೂಕನ್’ (ಅಣಬೆಯ ನಾರಿನಂಶ) ಶೇಕಡಾ ನೋಡಿ, ಪಿಷ್ಟವೂ ಪಾಲಿಸ್ಯಾಕರೈಡೇ.

ರೀಶಿ ಮೂಳೆಗೆ ಒಳ್ಳೆಯದೆಂಬ ಮಾತಿಗೆ ಆಧಾರ ಬಹುಮಟ್ಟಿಗೆ ಇಲಿಗಳ ಮೇಲಿನ ಪ್ರಯೋಗ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ದುಡ್ಡು ಕೊಟ್ಟು ಇದನ್ನು ಕೊಳ್ಳುವುದು ಬೇಡ.

ಹಲ್ಲಿನ ವಿಷಯದಲ್ಲಿ, ಶಿಟಾಕೆಯಿಂದ ತೆಗೆದ ಸಾರ ಹಲ್ಲಿನ ಪಾಚಿಯ ಕೆಲವು ಬ್ಯಾಕ್ಟೀರಿಯಾಗಳನ್ನು ಲ್ಯಾಬ್‌ನಲ್ಲಿ ತಗ್ಗಿಸಿದ್ದು ನಿಜ. ಅದು ಸಾರ, ಪಲ್ಯವಲ್ಲ. ಫ್ಲೋರೈಡ್ ಪೇಸ್ಟ್ ಬಿಟ್ಟು ಅಣಬೆ ಪುಡಿಯಲ್ಲಿ ಹಲ್ಲುಜ್ಜುವವರು ದಂತವೈದ್ಯರ ಕುರ್ಚಿಗೆ ಬೇಗ ಹತ್ತುತ್ತಾರೆ.

ರಕ್ತಪರೀಕ್ಷೆಯಲ್ಲಿ ಡಿ ತೀರಾ ಕಡಿಮೆ ಬಂದವರಿಗೆ ಶಿಟಾಕೆಯೂ ಸಾಲದು. ಒಂದೇ ಅಳತೆಯಲ್ಲಿ ಅಣಬೆಯ ಡಿ2ಗಿಂತ ಮಾತ್ರೆಗಳಲ್ಲಿ ಸಾಮಾನ್ಯವಾದ ಡಿ3 ರಕ್ತದ ಮಟ್ಟವನ್ನು ಹೆಚ್ಚು ಏರಿಸುತ್ತದೆ. ಅವರು ವೈದ್ಯರು ಬರೆದುಕೊಟ್ಟ ಡೋಸನ್ನೇ ತೆಗೆದುಕೊಳ್ಳಲಿ, ಶಿಟಾಕೆ ಊಟದ ಜೊತೆಗಿರಲಿ.