ಪ್ರೂಫ್ ನೋಡೋದಕ್ಕೆ ಕಾಗದವೋ, ಪರದೆಯೋ, ಕಿವಿಯೋ?

ಟೈಪಾದ ಕನ್ನಡ ಬರಹದ ಪ್ರೂಫ್ ನೋಡಲು, ಅಂದರೆ ಅಚ್ಚಿಗೆ ಹೋಗುವ ಮೊದಲು ತಪ್ಪು ಹುಡುಕಿ ತಿದ್ದಲು, ಕಲಿಯುವವರ ಮುಂದೆ ಈಗ ಮೂರು ದಾರಿಗಳಿವೆ. ಪ್ರಿಂಟ್ ತೆಗೆದು ಕೆಂಪು ಪೆನ್ನು ಹಿಡಿಯಬಹುದು, ವರ್ಡ್‌ನಲ್ಲೇ ಟ್ರ್ಯಾಕ್ ಚೇಂಜಸ್ (ತಿದ್ದಿದ್ದನ್ನೆಲ್ಲ ಗುರುತಿಟ್ಟು ತೋರಿಸುವ ಸೌಲಭ್ಯ) ಹಾಕಿಕೊಂಡು ತಿದ್ದಬಹುದು, ಇಲ್ಲವೇ ಕಂಪ್ಯೂಟರಿನಿಂದ ಓದಿಸಿ ಕೇಳಬಹುದು. ಒಂದು ಸ್ಮರಣ ಸಂಚಿಕೆಯ ಲೇಖನಗಳ ಮೇಲೆ ನಾನು ಮೂರನ್ನೂ ಮಾಡಿ ನೋಡಿದೆ. ಲೇಖನ ಅದೇ, ಸಿಕ್ಕ ತಪ್ಪುಗಳು ಮಾತ್ರ ಬೇರೆ ಬೇರೆ.

ಹೊಸಬರು ಕಾಗದದಿಂದಲೇ ಶುರು ಮಾಡಲಿ ಅನ್ನುತ್ತೇನೆ. 14 ಪಾಯಿಂಟ್ ಅಕ್ಷರ, ಸಾಲುಗಳ ನಡುವೆ ಧಾರಾಳ ಜಾಗ, ಓದುವ ಸಾಲಿನ ಕೆಳಗೆ ಒಂದು ಸ್ಕೇಲು. ಇಷ್ಟಿದ್ದರೆ ದ-ಧ, ಘ-ಫ ಅದಲುಬದಲಾದದ್ದು ಬೇಗ ಕಣ್ಣಿಗೆ ಬೀಳುತ್ತದೆ. ತೊಂದರೆ ಇರುವುದು ಆಮೇಲೆ. ನಾವು ಗುರುತು ಹಾಕಿದ್ದನ್ನು ಡಿಟಿಪಿಯವರು (ಕಂಪ್ಯೂಟರಿನಲ್ಲಿ ಟೈಪ್ ಮಾಡಿ ಪುಟ ಜೋಡಿಸುವವರು) ಮತ್ತೆ ಟೈಪ್ ಮಾಡಬೇಕು. ಆಗ ಅದೇ ಸಾಲಿನಲ್ಲಿ ಹೊಸ ತಪ್ಪು ನುಸುಳಬಹುದು. ಹಾಗಾಗಿ ಎರಡನೇ ಪ್ರೂಫ್ ನೋಡದೆ ಬಿಡುವಂತಿಲ್ಲ.

ಕಾಗದಕ್ಕೆ ಎಂದೂ ಸಿಗದ ಒಂದು ಜಾತಿಯ ತಪ್ಪಿದೆ. ಕೆಲವರು ಅನುಸ್ವಾರದ ಜಾಗದಲ್ಲಿ ಕನ್ನಡದ ಸೊನ್ನೆ ಒತ್ತಿರುತ್ತಾರೆ. 'ಸಂಘ' ಮತ್ತು 'ಸ೦ಘ' ಪ್ರಿಂಟಿನಲ್ಲಿ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತವೆ. ಆದರೆ ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಿ ಅವೆರಡು ಬೇರೆ ಬೇರೆ, ಒಂದನ್ನು ಹುಡುಕಿದರೆ ಇನ್ನೊಂದು ಸಿಗುವುದಿಲ್ಲ. ಅರ್ಕಾವತ್ತಿನ ಬದಲು ಒಂಬತ್ತು ಹಾಕಿ 'ಕಾಯ೯' ಎಂದು ಬರೆಯುವುದೂ ಇದೇ ಜಾತಿ. ಪರದೆಯಲ್ಲಾದರೆ ೦ ಮತ್ತು ೯ ಎರಡನ್ನೂ ಫೈಂಡ್‌ನಲ್ಲಿ ಹಾಕಿ ಒಂದೊಂದಾಗಿ ನೋಡಿದರೆ ಮುಗಿಯಿತು. ಯಾರೋ ಕೊಟ್ಟ ಹಳೇ ಫೈಲಿನಲ್ಲಿ ನಾನು ಮೊದಲು ಮಾಡುವ ಕೆಲಸವೇ ಇದು.

ಒಂದೇ ರೀತಿ ತರುವುದಕ್ಕೂ ಪರದೆಯೇ ವಾಸಿ. ಒಬ್ಬರು 'ಹೆಚ್.' ಅಂತ ಇನಿಶಿಯಲ್ ಬರೆದಿರುತ್ತಾರೆ, ಇನ್ನೊಬ್ಬರು 'ಎಚ್.' ಅಂತ. ಆದರೆ 'ರಿಪ್ಲೇಸ್ ಆಲ್' ಒತ್ತುವಾಗ ಹುಷಾರು. ಚುಕ್ಕಿ ಸೇರಿಸದೆ ಬರೀ 'ಹೆಚ್' ಕೊಟ್ಟರೆ ಲೇಖನದಲ್ಲಿರುವ 'ಹೆಚ್ಚು' ಎಲ್ಲವೂ 'ಎಚ್ಚು' ಆಗಿ ಕೂರುತ್ತದೆ. ವಾಕ್ಯ ಕತ್ತರಿಸುವುದು, ಪ್ಯಾರಾ ಮೇಲೆ ಕೆಳಗೆ ಮಾಡುವುದು, ಅಂದರೆ ನಿಜವಾದ ಎಡಿಟಿಂಗ್, ಟ್ರ್ಯಾಕ್ ಚೇಂಜಸ್‌ನಲ್ಲೇ ಚೆಂದ. ಏನು ಬದಲಾಯಿತು ಅಂತ ಬರೆದವರಿಗೂ ಕಾಣುತ್ತದೆ. ಒಪ್ಪದಿದ್ದರೆ ವಾಪಸ್ ಮಾಡುತ್ತಾರೆ, ಜಗಳವಿಲ್ಲ.

ಸ್ಪೆಲ್ ಚೆಕ್ ನಂಬಿ ಕೂರಬೇಡಿ. ಕನ್ನಡದಲ್ಲಿ ಒಂದು ಪದಕ್ಕೆ ಎಷ್ಟೆಷ್ಟೋ ಪ್ರತ್ಯಯ ಅಂಟುತ್ತವೆ ಅಲ್ವಾ? 'ಹೋಗಬೇಕಾಗಿತ್ತಂತೆ' ಥರದ ಸರಿಯಾದ ಪದದ ಕೆಳಗೂ ಕೆಂಪು ಗೆರೆ ಬರಬಹುದು. 'ಆದರದ ಸ್ವಾಗತ' ಹೋಗಿ 'ಹಾದರದ ಸ್ವಾಗತ' ಆದರೆ ಮಾತ್ರ ಅದು ಸುಮ್ನೆ ಇರುತ್ತದೆ. ಎರಡೂ ಕನ್ನಡ ಪದಗಳೇ, ಅದಕ್ಕೇನು ಗೊತ್ತು!

ಇಂಥದ್ದನ್ನು ಹಿಡಿಯುವುದು ಕಿವಿ. ಎಡ್ಜ್ ಬ್ರೌಸರಿನಲ್ಲಿ ಗಟ್ಟಿಯಾಗಿ ಓದುವ ಕನ್ನಡ ದನಿಗಳಿವೆ, ಆಂಡ್ರಾಯ್ಡ್ ಫೋನಿನಲ್ಲೂ ಓದಿಸಬಹುದು. ನಾವು ಓದುವಾಗ ಬಿಟ್ಟುಹೋದ ಪದವನ್ನು ಮನಸ್ಸೇ ತುಂಬಿಕೊಂಡು ಮುಂದೆ ಹೋಗುತ್ತದೆ. ಯಂತ್ರಕ್ಕೆ ಆ ದಾಕ್ಷಿಣ್ಯವಿಲ್ಲ, ಇದ್ದದ್ದನ್ನು ಇದ್ದ ಹಾಗೇ ಓದುತ್ತದೆ. ಸಾಲಿನ ಕೊನೆಯಲ್ಲಿ ಒಂದು 'ನಮ್ಮ', ಮುಂದಿನ ಸಾಲಿನ ಮೊದಲಲ್ಲಿ ಇನ್ನೊಂದು 'ನಮ್ಮ' ಇದ್ದರೆ ಕಣ್ಣು ದಾಟಿಬಿಡುತ್ತದೆ, ಕಿವಿ ದಾಟುವುದಿಲ್ಲ. ಉಸಿರು ಕಟ್ಟಿಸುವ ಉದ್ದ ವಾಕ್ಯಗಳೂ ಇಲ್ಲೇ ಬಯಲಾಗುತ್ತವೆ. ಆದರೆ 'ವಿಶೇಷ' ಮತ್ತು 'ವಿಶೇಶ'ದ ವ್ಯತ್ಯಾಸ ಕಿವಿಗೆ ತಿಳಿಯುವುದಿಲ್ಲ, ಅದಕ್ಕೆ ಕಣ್ಣೇ ಬೇಕು. ಸಮಯವೂ ಜಾಸ್ತಿ ಹಿಡಿಯುತ್ತದೆ.

ಒಂದನ್ನೇ ಆರಿಸು ಅಂದರೆ ನಾನು ಕಿವಿಯನ್ನೇ ಆರಿಸುತ್ತೇನೆ. ಅಕ್ಷರ ತಪ್ಪಿದ್ದರೂ ಓದುಗರು ಅರ್ಥ ಮಾಡಿಕೊಳ್ಳುತ್ತಾರೆ, 'ಇಲ್ಲ' ಅನ್ನುವ ಪದವೇ ಬಿಟ್ಟುಹೋದರೆ ಅರ್ಥ ತಿರುಗಾಮುರುಗಾ. ಸಮಯವಿದ್ದರೆ ಮೊದಲು ಪರದೆ, ಆಮೇಲೆ ಕಿವಿ, ಕೊನೆಗೆ ಕಾಗದ.

ಹೆಸರು, ತಾರೀಖು, ದುಡ್ಡಿನ ಲೆಕ್ಕ, ಫೋನ್ ನಂಬರಿಗೆ ಮಾತ್ರ ಈ ಮೂರೂ ಸಾಲವು. 1958 ಇರಬೇಕಾದಲ್ಲಿ 1985 ಇದ್ದರೆ ನೋಡಲೂ ಸರಿ, ಕೇಳಲೂ ಸರಿ. ಅದಕ್ಕೆ ಹಳೇ ಪ್ರೆಸ್ಸಿನ ಕ್ರಮವೇ ಆಗಬೇಕು: ಒಬ್ಬರು ಮೂಲಪ್ರತಿ ಹಿಡಿದು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪ್ರೂಫ್ ಮೇಲೆ ಬೆರಳಿಟ್ಟು ನೋಡುವುದು. ಅಂಕಿಗಳನ್ನು ಬಿಡಿಬಿಡಿಯಾಗಿ ಓದಲು ಹೇಳಿ.