ಟ್ರಯಲ್ ಫ್ಲೈಟ್: ಪೈಲಟ್ ಆಗಬೇಕೆನ್ನುವವರು ಕೊಳ್ಳಬಹುದಾದ ಮೊದಲ ಹಾರಾಟ

ಫ್ಲೈಯಿಂಗ್ ಸ್ಕೂಲುಗಳು ಮಾರುವ ಟ್ರಯಲ್ ಫ್ಲೈಟ್, ಅಂದರೆ ಬೋಧಕರ ಜೊತೆ ಕೂತು ನೀವೇ ವಿಮಾನ ಹಾರಿಸಿ ನೋಡುವ ಹಾರಾಟ, ಒಳ್ಳೆಯ ಸೇವೆಯೇ. ಆದರೆ ಸುಮ್ಮನೆ ಫೋಟೊ ತೆಗೆದುಕೊಂಡು ಇಳಿದರೆ ದುಡ್ಡು ದಂಡ. ಸಾಮಾನ್ಯವಾಗಿ ಸೆಸ್ನಾ 172ರಂಥ ನಾಲ್ಕು ಸೀಟಿನ ವಿಮಾನ. ನಿಮಗೆ ಎಡಗಡೆಯ ಸೀಟು, ಬೋಧಕರಿಗೆ ಬಲಗಡೆಯದು.

ಹಾರುವ ಮುಂಚಿನ ತಪಾಸಣೆಯನ್ನು ಗಮನಿಸಿ. ಒಳ್ಳೆಯ ಬೋಧಕರು ರೆಕ್ಕೆಯ ಕೆಳಗಿಂದ ಇಂಧನದ ಸ್ಯಾಂಪಲ್ ತೆಗೆದು ತೋರಿಸುತ್ತಾರೆ: ನೀರು ಸೇರಿದ್ದರೆ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ. ಇದನ್ನೆಲ್ಲ ವಿವರಿಸದೆ ಹತ್ತಿಸಿಕೊಂಡು ಹೊರಡುವ ಸ್ಕೂಲಿಗೆ ನನ್ನ ಕಡೆಯಿಂದ ಅಂಕ ಇಲ್ಲ.

ಮೇಲೆ ಹೋದಮೇಲೆ ಹೊಸಬರು ಯೋಕನ್ನು (ಸ್ಟಿಯರಿಂಗಿನಂಥ ಹಿಡಿಕೆ) ಬಿಗಿಹಿಡಿದು, ಎತ್ತರ ತೋರಿಸುವ ಆಲ್ಟಿಮೀಟರಿನ ಮುಳ್ಳಿನ ಬೆನ್ನುಹತ್ತುತ್ತಾರೆ. ವಿಮಾನ ಏರಿಳಿಯುತ್ತಲೇ ಇರುತ್ತದೆ. ಹಗುರವಾಗಿ ಹಿಡಿದು, ದಿಗಂತ ನೋಡಿ, ಟ್ರಿಮ್ ಮಾಡಿ, ಅಂದರೆ ಯೋಕನ್ನು ಒತ್ತಿ ಹಿಡಿಯದೆಯೂ ವಿಮಾನ ಮಟ್ಟವಾಗಿ ಹಾರುವಂತೆ ಹೊಂದಿಸಿ. ಹೊಟ್ಟೆ ತೊಳಸಿದರೆ ಅಷ್ಟಕ್ಕೇ ಕನಸು ಬಿಡಬೇಡಿ, ಬಹಳ ಜನರಿಗೆ ಅದು ಅಭ್ಯಾಸದಿಂದ ಕಡಿಮೆಯಾಗುತ್ತದೆ.

ಬಿಲ್ಲಿನ ಗಂಟೆ ಎಲ್ಲಿಂದ ಶುರು ಎಂದು ಮೊದಲೇ ಕೇಳಿ. ಎಂಜಿನ್ ಓಡುವ ಸಮಯ ಎಣಿಸುವ ಹಾಬ್ಸ್ ಮೀಟರ್ ಲೆಕ್ಕವಾದರೆ ಟ್ಯಾಕ್ಸಿ ಮಾಡುವ (ವಿಮಾನ ನೆಲದ ಮೇಲೆ ಚಲಿಸುವ) ಸಮಯಕ್ಕೂ ಹಣ ಹೋಗುತ್ತದೆ.

ಒಂದೇ ಹಾರಾಟ ವೃತ್ತಿಯ ಅಳತೆಗೋಲಲ್ಲ. ಸಂಬಳಕ್ಕೆ ವಿಮಾನ ಹಾರಿಸಲು ಬೇಕಾದ ಕಮರ್ಷಿಯಲ್ ಲೈಸೆನ್ಸಿಗೆ ಐಸಿಎಒ (ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆ) ಮಾನದಂಡವೇ ಕನಿಷ್ಠ 200 ಗಂಟೆ ಹಾರಾಟ, ಅನುಮೋದಿತ ಕೋರ್ಸಿನಲ್ಲಿ 150. ಇಳಿದ ಉತ್ಸಾಹದಲ್ಲೇ ಕೋರ್ಸಿಗೆ ಮುಂಗಡ ಕಟ್ಟಬೇಡಿ. ಮೊದಲು ಕ್ಲಾಸ್ 1 ಮೆಡಿಕಲ್ (ವೃತ್ತಿಪರ ಪೈಲಟ್‌ಗಳ ವೈದ್ಯಕೀಯ ತಪಾಸಣೆ) ಮುಗಿಸಿ. ಬಣ್ಣ ಗುರುತಿಸುವ ದೋಷದಂಥವು ಅಲ್ಲೇ ಹೊರಬೀಳುತ್ತವೆ.